ಬೆಮಿಜಿಯಲ್ಲಿ 2-1: ಹೋಟನ್‌ನ ಹಾಕಿ ಮಂದಿಗೆ ನನ್ನ ಕೃತಜ್ಞತೆ

ಈ ತಿಂಗಳ ಕೊನೆಗೆ ನಾನು ಹೋಟನ್ ಬಿಡುತ್ತಿದ್ದೇನೆ. ಪಿಎಚ್‌ಡಿ ಮುಗಿಯಿತು, ಮಿಲ್ವಾಕಿಯಲ್ಲಿ ಕೆಲಸ ಸಿಕ್ಕಿದೆ. ಥೀಸಿಸ್‌ನ ಮೊದಲ ಪುಟದಲ್ಲಿ ಗೈಡ್, ಕಮಿಟಿಯವರು, ಲ್ಯಾಬಿನ ಗೆಳೆಯರು ಎಲ್ಲರಿಗೂ ಧನ್ಯವಾದ ಬರೆದಾಗಿದೆ. ಆದರೆ ನನ್ನನ್ನು ಈ ವರ್ಷ ದಾಟಿಸಿದ ಇನ್ನೊಂದಷ್ಟು ಜನ ಇದ್ದಾರೆ. ಮ್ಯಾಕಿನ್ನಿಸ್ ಐಸ್ ಅರೇನಾದಲ್ಲಿ ನನ್ನ ಅಕ್ಕಪಕ್ಕ ಕೂರುವ ಹಾಕಿ ಮಂದಿ. ಅವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರಿನವರಿಗೂ ಅವರ ಪರಿಚಯ ಆಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ನಾನೇ ಓದಿ ಹೇಳುತ್ತೇನೆ.

ಹೋಟನ್ ಎಲ್ಲಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ಜಾಗ. ಹಿಂದೆ ತಾಮ್ರದ ಗಣಿಗಳಿದ್ದ ಪ್ರದೇಶ. ಸಾಧಾರಣ ವರ್ಷದಲ್ಲಿ ಐದು ಮೀಟರಿಗೂ ಜಾಸ್ತಿ ಹಿಮ ಬೀಳುತ್ತದೆ. ಇಲ್ಲಿರುವ ಮಿಶಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು. ಇಲ್ಲಿ ಹಾಕಿ ಅಂದರೆ ಐಸ್ ಹಾಕಿಯೇ. ಸಂಬಳ ಕೊಟ್ಟು ಆಡಿಸುವ ಮೊದಲ ಹಾಕಿ ಲೀಗ್ 1904ರಲ್ಲಿ ಶುರುವಾಗಿದ್ದು ಈ ಪುಟ್ಟ ಊರಿನಿಂದ. ಪಕ್ಕದ ಕ್ಯಾಲುಮೆಟ್‌ನಲ್ಲಿ 1913ರಲ್ಲಿ ಕಟ್ಟಿದ ರಿಂಕ್‌ನಲ್ಲಿ ಇವತ್ತಿಗೂ ಮಕ್ಕಳು ಸ್ಕೇಟ್ ಮಾಡುತ್ತಾರೆ. ನಮ್ಮ ಟೆಕ್‌ನ ಹಸ್ಕೀಸ್ ತಂಡ 1962, 1965, 1975ರಲ್ಲಿ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಮೂರೂ ಸಲ ಕೋಚ್ ಜಾನ್ ಮ್ಯಾಕಿನ್ನಿಸ್. ಅರೇನಾಕ್ಕೆ ಅವರದೇ ಹೆಸರು. 1975ರ ಫೈನಲ್ ಬಗ್ಗೆ ಇಲ್ಲಿನ ಹಿರಿಯರು ಕಳೆದ ವಾರ ನಡೆದದ್ದು ಅನ್ನುವ ಹಾಗೆ ಮಾತಾಡುತ್ತಾರೆ.

ನಾನು ಗೋಣಿಕೊಪ್ಪದ ಕಡೆಯವಳು. ನಾವು ಕೊಡವರಲ್ಲ, ಆದರೂ ಬೇಸಿಗೆ ಬಂತೆಂದರೆ ಅಪ್ಪ ನನ್ನನ್ನು ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಪ್ಪನಿಗೆ ಸ್ಟಿಕ್ ಹಿಡಿದು ಗೊತ್ತಿಲ್ಲ. ಆದರೆ ನೋಡುವ ಹುಚ್ಚು. ಪಕ್ಕದಲ್ಲಿ ಯಾರೇ ಕೂತಿರಲಿ, ಐದು ನಿಮಿಷದಲ್ಲಿ ಅವರ ಜೊತೆ ಆಟದ ಚರ್ಚೆ ಶುರು. ಆ ಪೆನಾಲ್ಟಿ ಕಾರ್ನರ್ ಹಾಗೆ ಹೊಡೆಯಬಾರದಿತ್ತು, ಆ ಹುಡುಗನನ್ನು ಮುಂದೆ ಆಡಿಸಬೇಕಿತ್ತು, ಇಂಥದ್ದೇ. ಹಾಗಾಗಿ ಹೋಟನ್‌ಗೆ ಬಂದ ಮೊದಲ ಚಳಿಗಾಲ ಯಾರೋ ಟಿಕೆಟ್ ಕೊಟ್ಟರು ಅಂತ ಅರೇನಾಕ್ಕೆ ಹೋದಾಗ ಆಟ ಹೊಸದು ಅನಿಸಿತು, ಜನ ಹೊಸಬರು ಅನಿಸಲಿಲ್ಲ.

ನನ್ನ ಸೀಟಿನ ಪಕ್ಕದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಹೆಸರು ಬರೆಯುವುದು ಬೇಡ ಅಂತ ಅವರೇ ಹೇಳಿದ್ದಾರೆ. ನಾನು ಅವರನ್ನು ಅಜ್ಜ, ಅಜ್ಜಿ ಅಂತಲೇ ಕರೆಯುವುದು. ಅವರಿಗೂ ಅದು ರೂಢಿಯಾಗಿದೆ. ಅಜ್ಜನ ಕೈಯಲ್ಲಿ ಯಾವಾಗಲೂ ಒಂದು ಸಣ್ಣ ಪಾಕೆಟ್ ಪುಸ್ತಕ ಮತ್ತು ಮೊಂಡು ಪೆನ್ಸಿಲ್. ಗೋಲಿನತ್ತ ಹೊಡೆದ ಪ್ರತಿ ಶಾಟಿಗೂ ಒಂದು ಗೀಟು. ಐದಾದರೆ ಅಡ್ಡ ಗೀಟು. ಗೋಲಾದರೆ ಸುತ್ತ ಒಂದು ವೃತ್ತ. ಯಾರು ಪೆನಾಲ್ಟಿಗೆ ಹೋದರು, ಎಷ್ಟು ಹೊತ್ತಿಗೆ, ಯಾಕೆ, ಎಲ್ಲ ಅದರಲ್ಲಿ ಇರುತ್ತದೆ. ಐಸ್ ಹಾಕಿಯನ್ನು ನಾನು ಕಲಿತದ್ದು ಆ ಪುಸ್ತಕ ನೋಡಿಕೊಂಡೇ. ಇಪ್ಪತ್ತು ನಿಮಿಷದ ಮೂರು ಪೀರಿಯಡ್. ಒಂದು ಲೈನ್, ಅಂದರೆ ಒಟ್ಟಿಗೆ ಇಳಿಯುವ ಆಟಗಾರರ ಗುಂಪು, ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡಿ ಬಂದು ಕೂರುತ್ತದೆ, ಆಟ ನಿಲ್ಲದೆಯೇ ಇನ್ನೊಂದು ಲೈನ್ ಹಾರಿ ಒಳಗೆ ಹೋಗುತ್ತದೆ. ಪಕ್ಕನ್ನು (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ನೋಡಬೇಡ, ಪಕ್ ಇಲ್ಲದವನು ಎಲ್ಲಿಗೆ ಹೋಗುತ್ತಿದ್ದಾನೆ ನೋಡು ಅಂತ ಅಜ್ಜ ಹೇಳಿಕೊಟ್ಟ ಮೇಲೆ ನನಗೆ ಆಟ ಕಾಣಿಸತೊಡಗಿತು.

ಪ್ರತಿ ಶನಿವಾರ ಅಪ್ಪನಿಗೆ ಫೋನ್. "ನಿಮ್ಮ ಟೀಮು ಏನಾಯ್ತು? ಎಷ್ಟು ಗೋಲು?" ಅವರ ಮೊದಲ ಪ್ರಶ್ನೆ ಅದು. ಊಟ ಆಯ್ತಾ ಅನ್ನುವುದು ಆಮೇಲೆ. ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್, ಬ್ಲೇಕ್ ಪಿಯೆಟಿಲಾ ಅಪ್ಪನಿಗೆ ಫೋನಿನಲ್ಲೇ ಪರಿಚಯವಾಗಿಬಿಟ್ಟಿದ್ದ. ಟೆಕ್ ಇತಿಹಾಸದಲ್ಲೇ ಅತಿ ಹೆಚ್ಚು ಶಟ್‌ಔಟ್ (ಒಂದೂ ಗೋಲು ಬಿಟ್ಟುಕೊಡದ ಆಟ) ಅವನದು. ಅದೇ ಹೆಸರಿನ ಇನ್ನೊಬ್ಬ ಆಟಗಾರ, ಫಾರ್ವರ್ಡ್, ಹಿಂದೆ ಟೆಕ್‌ಗೆ ಆಡಿ ಹೋಗಿದ್ದ. ಎರಡು ಬ್ಲೇಕ್ ಪಿಯೆಟಿಲಾ ಅಂತ ಹೇಳಿದಾಗ ಅಪ್ಪ ನಂಬಲೇ ಇಲ್ಲ.

ಈ ವರ್ಷ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಹೃದಯಾಘಾತ.

ಸುದ್ದಿ ಬಂದ ರಾತ್ರಿ ನಾನು ಫೋನ್ ಮಾಡಿದ್ದು ಅಜ್ಜಿಗೆ. ಬೆಳಕಾಗುವ ಮೊದಲೇ ಇಬ್ಬರೂ ಕಾರು ತಂದು ನಿಲ್ಲಿಸಿದ್ದರು. ಇಲ್ಲಿನ ಸಣ್ಣ ಏರ್‌ಪೋರ್ಟಿನಿಂದ ಶಿಕಾಗೋಕ್ಕೆ ಹೋಗಿ ಅಲ್ಲಿಂದ ವಿಮಾನ ಹಿಡಿಯಬೇಕು. ಅಜ್ಜಿ ಕಾಗದದಲ್ಲಿ ಸುತ್ತಿದ ಎರಡು ಪೇಸ್ಟಿ ಕೈಗೆ ಕೊಟ್ಟರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರು ಇಲ್ಲಿಗೆ ತಂದ ತಿಂಡಿ ಅದು. ಹಿಟ್ಟಿನ ಹೊದಿಕೆ, ಒಳಗೆ ಆಲೂಗಡ್ಡೆ, ಮಾಂಸ. ದಾರಿಯಲ್ಲಿ ಹಸಿವಾಗುತ್ತದೆ, ಹಸಿವಾಗದಿದ್ದರೂ ತಿನ್ನು ಅಂದರು. ಅವತ್ತು ನಾನು ತಿಂದದ್ದು ಅದೊಂದೇ.

ಊರಿನ ಕಾರ್ಯಗಳನ್ನೆಲ್ಲ ಮುಗಿಸಿ ಫೆಬ್ರವರಿಯಲ್ಲಿ ವಾಪಸ್ ಬಂದೆ. ಲ್ಯಾಬಿಗೆ ಹೋಗುತ್ತಿದ್ದೆ, ಕೆಲಸ ಆಗುತ್ತಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ "ಹೇಗಿದ್ದೀಯ" ಅಂತ ಕೇಳುತ್ತಿದ್ದರು. ಉತ್ತರ ಹೇಳಿ ಹೇಳಿ ಸುಸ್ತಾಗುತ್ತಿತ್ತು. ಅರೇನಾಕ್ಕೆ ಹೋಗುವ ಮನಸ್ಸಿರಲಿಲ್ಲ. ಅಜ್ಜನೇ ಮನೆಗೆ ಬಂದರು. ಕೈಯಲ್ಲಿ ಪಿನ್ ಹೊಡೆದ ಒಂದಷ್ಟು ಹಾಳೆ. ನಾನು ಇಲ್ಲದಾಗ ನಡೆದ ಆಟಗಳನ್ನೆಲ್ಲ ಪಾಕೆಟ್ ಪುಸ್ತಕದಿಂದ ದೊಡ್ಡ ಅಕ್ಷರದಲ್ಲಿ ಕಾಪಿ ಮಾಡಿ ತಂದಿದ್ದರು. ಗೀಟುಗಳಷ್ಟೇ ಅಲ್ಲ, ಪಕ್ಕದಲ್ಲಿ ಟಿಪ್ಪಣಿ ಬೇರೆ. ಎರಡನೇ ಗೋಲಿಗೆ ಮುಂಚೆ ಡಿಫೆನ್ಸಿನವನು ಎಲ್ಲಿ ನಿಂತಿದ್ದ ಅಂತ ಪುಟ್ಟ ಚಿತ್ರ. "ನೀನು ಇದನ್ನು ಓದಿ ಮುಗಿಸು. ಶುಕ್ರವಾರ ಮಾತಾಡೋಣ," ಅಂದರು. ಅಷ್ಟೇ. ಅಪ್ಪನ ಬಗ್ಗೆ ಒಂದು ಮಾತು ಕೇಳಲಿಲ್ಲ.

ನಾನು ಓದಿದೆ. ಶುಕ್ರವಾರ ಹೋದೆ. ನನ್ನ ಸೀಟಿನ ಮೇಲೆ ಅಜ್ಜಿಯ ಕಂಬಳಿ ಹಾಸಿತ್ತು. ಎಲ್ಲರೂ ನಿನ್ನೆಯ ಮಾತು ಮುಂದುವರಿಸುವ ಹಾಗೆ ಎದುರಿನವರೊಬ್ಬ ಪೆನಾಲ್ಟಿಗೆ ಹೊರಗೆ ಕೂತಾಗ ಸಿಗುವ ಪವರ್ ಪ್ಲೇ ಯಾಕೆ ಕೈಕೊಡುತ್ತಿದೆ ಅಂತ ನನ್ನ ಅಭಿಪ್ರಾಯ ಕೇಳಿದರು. ಎಷ್ಟೋ ದಿನದ ಮೇಲೆ ನನಗೆ ಉತ್ತರ ಗೊತ್ತಿರುವ ಪ್ರಶ್ನೆಯೊಂದನ್ನು ಯಾರೋ ಕೇಳಿದ್ದರು. ಆ ಸಂಜೆ ನನಗೆ ಎಂಥ ಆಸರೆಯಾಯಿತು ಅನ್ನುವುದು ಅವರಿಗೆ ತಿಳಿಯಲಿ ಅಂತಲೇ ಇಷ್ಟೆಲ್ಲ ಬರೆದೆ.

ಇನ್ನು ಬೆಮಿಜಿ.

ಈ ಸೀಸನ್‌ನಲ್ಲಿ ನಮ್ಮವರ ಆಟ ಏರುಪೇರಾಗಿತ್ತು. ದೇಶದ 16 ಕಾಲೇಜು ತಂಡಗಳು ಆಡುವ ರಾಷ್ಟ್ರೀಯ ಟೂರ್ನಿ ಎನ್‌ಸಿಎಎಗೆ ಹೋಗಬೇಕಾದರೆ ನಮ್ಮ ಲೀಗ್ ಸಿಸಿಎಚ್‌ಎಯ ಟೂರ್ನಿ ಗೆಲ್ಲಲೇಬೇಕು. ಬೇರೆ ದಾರಿ ಇಲ್ಲ. 2024ರ ಮಾರ್ಚ್ 22ಕ್ಕೆ ಆ ಲೀಗ್ ಟೂರ್ನಿಯ ಮೇಸನ್ ಕಪ್ ಫೈನಲ್, ಮಿನೆಸೋಟಾ ರಾಜ್ಯದ ಬೆಮಿಜಿಯಲ್ಲಿ, ಬೆಮಿಜಿ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ಸ್ ತಂಡದ ವಿರುದ್ಧ, ಅವರದೇ ಅಂಗಳದಲ್ಲಿ. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದು ಮ್ಯಾಕ್‌ನಾಟನ್ ಕಪ್ ಗೆದ್ದವರು ಅವರೇ. ಆ ಬೆಳ್ಳಿ ಕಪ್‌ಗೆ ಹೆಸರು ಬಂದದ್ದು ನಮ್ಮ ಕ್ಯಾಲುಮೆಟ್‌ನ ಗಣಿ ಕಂಪನಿಯ ಜೇಮ್ಸ್ ಮ್ಯಾಕ್‌ನಾಟನ್ ಅವರಿಂದ. ನಮ್ಮ ಕಡೆಯ ಕಪ್ ಅವರ ಕೈಲಿದೆ ಅನ್ನುವ ಸಂಕಟ ಹೋಟನ್‌ನವರಿಗೆ ಇದ್ದೇ ಇತ್ತು.

ಅಜ್ಜನ ಕಾರಿನಲ್ಲಿ ನಾಲ್ಕು ಜನ ಹೊರಟೆವು. ಐರನ್‌ವುಡ್, ಆಶ್‌ಲ್ಯಾಂಡ್, ಡುಲೂತ್ ದಾಟಿ ಹೋಗುವ ದಾರಿ, ಆರೇಳು ಗಂಟೆ. ಈ ಸಲ ಹಿಮ ತೀರಾ ಕಡಿಮೆ ಬಿದ್ದಿದ್ದರಿಂದ ರಸ್ತೆಯ ಭಯವಿರಲಿಲ್ಲ. ದಾರಿಯುದ್ದಕ್ಕೂ ಚರ್ಚೆ. ಬೀವರ್ಸ್ ತಂಡದ ಮೊದಲ ಲೈನ್ ಎದುರು ಯಾರನ್ನು ಇಳಿಸಬೇಕು? ಮೊದಲ ಗೋಲು ನಾವು ಹೊಡೆಯದಿದ್ದರೆ ಕಥೆ ಏನು? ಪೆಟ್ರೋಲ್ ಬಂಕಿನಲ್ಲಿ ನಮ್ಮ ಟೆಕ್ ಬಣ್ಣದ ಕರಿ-ಹಳದಿ ಟೋಪಿ ಹಾಕಿದ ಇನ್ನೊಂದು ಕಾರಿನವರು ಸಿಕ್ಕರು. ಗುರುತು ಪರಿಚಯ ಇಲ್ಲ. ಅಲ್ಲೂ ಹತ್ತು ನಿಮಿಷ ಅದೇ ಮಾತು.

ಆಟದ ಎಲ್ಲ ವಿವರ ಬರೆಯುವುದಿಲ್ಲ. 2-1. ಅಷ್ಟು ಹೇಳಿದರೆ ಹಾಕಿ ನೋಡುವವರಿಗೆ ಕೊನೆಯ ಹತ್ತು ನಿಮಿಷ ಹೇಗಿದ್ದಿರಬೇಕು ಅಂತ ಗೊತ್ತಾಗುತ್ತದೆ. ಒಂದೇ ಗೋಲಿನ ಮುನ್ನಡೆ, ಸುತ್ತಲೂ ಎದುರು ತಂಡದ ಸಾವಿರಾರು ಜನ. ಪಕ್ ಒಂದು ಸಲ ಯಾರದೋ ಸ್ಕೇಟಿಗೆ ತಾಗಿ ದಿಕ್ಕು ತಪ್ಪಿದರೆ ಮುಗಿಯಿತು, ಮತ್ತೆ ಸಮ. ಪ್ರತಿ ಸಲ ಪಿಯೆಟಿಲಾ ಪಕ್ಕನ್ನು ಎದೆಗೆ ಒತ್ತಿ ಹಿಡಿದು ಸೀಟಿ ಊದಿಸಿದಾಗ ನಮ್ಮ ಸಾಲಿನವರೆಲ್ಲ ಒಟ್ಟಿಗೆ ಉಸಿರು ಬಿಡುತ್ತಿದ್ದೆವು. ನಾನು ಅಜ್ಜನ ಕಡೆ ತಿರುಗಿ ನೋಡಿದೆ. ಪೆನ್ಸಿಲ್ ನಿಂತಿತ್ತು. ಪುಸ್ತಕ ಮುಚ್ಚಿ ಅಂಗಿ ಜೇಬಿಗೆ ಹಾಕಿಕೊಂಡು, ಎರಡೂ ಕೈ ಮೊಣಕಾಲಿನ ಮೇಲೆ ಊರಿ ಕೂತಿದ್ದರು. ಅವರು ಬರೆಯುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗೆದ್ದೆವು. ಟೆಕ್‌ಗೆ ಇದು ಮೊದಲ ಮೇಸನ್ ಕಪ್. ಹುಡುಗರು ಕೈಗವಸು, ಹೆಲ್ಮೆಟ್ ಎಲ್ಲ ಗಾಳಿಗೆ ಎಸೆದು ಗೋಲಿಯ ಮೇಲೆ ಬಿದ್ದರು. ಅಜ್ಜಿ ನನ್ನನ್ನು ತಬ್ಬಿಕೊಂಡು ಬಿಡಲೇ ಇಲ್ಲ.

ಫೋನ್ ಕೈಗೆ ತಗೊಂಡೆ. ಊರಲ್ಲಿ ಶನಿವಾರ ಬೆಳಿಗ್ಗೆ. ಯಾರಿಗೆ ಹೇಳಲಿ ಅಂತ ಒಂದು ಕ್ಷಣ ಕೈ ಕಟ್ಟಿದ ಹಾಗಾಯಿತು. ಅಮ್ಮನಿಗೆ ಹಾಕಿಯಲ್ಲಿ ಯಾವತ್ತೂ ಆಸಕ್ತಿ ಇರಲಿಲ್ಲ. ಆದರೂ ವಿಡಿಯೋ ಕಾಲ್ ಮಾಡಿದೆ. ಗದ್ದಲದಲ್ಲಿ ನನ್ನ ಮಾತು ಅಮ್ಮನಿಗೆ ಕೇಳಿಸುತ್ತಿರಲಿಲ್ಲ. ಅಜ್ಜಿ ಫೋನ್ ಕಿತ್ತುಕೊಂಡು ಎರಡು ಬೆರಳು, ಆಮೇಲೆ ಒಂದು ಬೆರಳು ತೋರಿಸಿದರು. ಅಮ್ಮ ಆ ಕಡೆಯಿಂದ ದೋಸೆ ಸಟ್ಟುಗ ಹಿಡಿದುಕೊಂಡೇ "ಗೆದ್ರಾ?" ಅಂತ ಕೂಗಿದರು. ಅಜ್ಜಿಗೆ ಅದು ಹೇಗೋ ಅರ್ಥವಾಯಿತು. ಅಮ್ಮ ಈಗ ಪ್ರತಿ ವಾರ ನನ್ನ ಜೊತೆ ಮಾತಾಡಿದ ಮೇಲೆ ಅಜ್ಜಿಯನ್ನೂ ವಿಚಾರಿಸುತ್ತಾರೆ. ಅಜ್ಜಿ, ಅದಕ್ಕೆ ನಿಮಗೆ ಬೇರೆಯೇ ಒಂದು ಥ್ಯಾಂಕ್ಸ್.

ಬೆಮಿಜಿಯ ಜನರಿಗೂ ಹೇಳಬೇಕು. ಅಷ್ಟು ಹತ್ತಿರ ಬಂದು ಸೋತ ನೋವಿನಲ್ಲೂ ಹೊರಗೆ ಹೋಗುವಾಗ ಹಸಿರು ಜರ್ಸಿಯ ಒಬ್ಬ ಹೆಂಗಸು ನಿಂತು ನಮ್ಮ ಕೈ ಕುಲುಕಿ, ನಿಮ್ಮ ಗೋಲಿ ಗೆಲ್ಲಿಸಿದ, ಮುಂದಿನ ಟೂರ್ನಿಯಲ್ಲಿ ಚೆನ್ನಾಗಿ ಆಡಿ ಅಂದರು. ಸೋತ ರಾತ್ರಿ ಹಾಗೆ ಹೇಳುವುದು ಸುಲಭವಲ್ಲ.

ವಾಪಸ್ ದಾರಿಯಲ್ಲಿ ಜಗಳ. ಮೂರನೇ ಪೀರಿಯಡ್‌ನಲ್ಲಿ ನಮ್ಮವರು ಜಾಸ್ತಿ ಹಿಂದೆ ಸರಿದರು, ಅದೃಷ್ಟ ಕಾಪಾಡಿತು ಅಂತ ಒಬ್ಬರು. ಒಂದು ಗೋಲು ಮುಂದಿರುವಾಗ ಹಾಗೇ ಆಡಬೇಕು ಅಂತ ಇನ್ನೊಬ್ಬರು. ನಾನು ಎರಡನೆಯವರ ಪಕ್ಷ. ಈಗಲೂ ಅದೇ ಮಾತು ಹೇಳುತ್ತೇನೆ. ಕಾರಿನಲ್ಲಿ ಅಷ್ಟು ಜೋರಾಗಿ ವಾದ ಮಾಡುತ್ತಿರುವಾಗ ನನಗೆ ಅನಿಸಿತು, ಜನವರಿಯ ನಂತರ ನಾನು ಯಾರ ಜೊತೆಗೂ ದನಿ ಎತ್ತಿ ಮಾತಾಡಿರಲಿಲ್ಲ.

ಮುಂದಿನ ಶುಕ್ರವಾರ ಪ್ರಾವಿಡೆನ್ಸ್‌ನಲ್ಲಿ, ಎನ್‌ಸಿಎಎ ಟೂರ್ನಿಯ ಮೊದಲ ಆಟದಲ್ಲೇ, ಬಾಸ್ಟನ್ ಕಾಲೇಜ್ ನಮ್ಮನ್ನು 6-1ರಿಂದ ಸೋಲಿಸಿತು. ಅವರು ಆಗ ದೇಶದ ನಂಬರ್ ಒನ್ ತಂಡ. ಅಜ್ಜನ ಮನೆಯ ಟಿವಿ ಮುಂದೆ ಎಲ್ಲರೂ ಸೇರಿ ನೋಡಿದೆವು. ಯಾರೂ ಹುಡುಗರನ್ನು ಬೈಯಲಿಲ್ಲ. ಆ ದಿನಗಳಲ್ಲೇ ನಾಪೋಕ್ಲುವಿನಲ್ಲಿ ಕೊಡವ ಹಾಕಿ ಹಬ್ಬದ ಕುಂಡ್ಯೋಳಂಡ ಕಪ್ ಶುರುವಾಗಿತ್ತು. ಒಂದೊಂದು ಮನೆತನದಿಂದ ಒಂದೊಂದು ತಂಡ, ಒಟ್ಟು 360 ಅಂತ ನಾನು ಹೇಳಿದರೆ ಅಜ್ಜ ನಂಬಲಿಲ್ಲ. ಊರಿಂದ ಬಂದ ವಿಡಿಯೋ ತೋರಿಸಿದೆ. ಸೀರೆ ಉಟ್ಟ ಹೆಂಗಸರು, ಹಿರಿಯರು, ಮಕ್ಕಳು ಗ್ಯಾಲರಿ ತುಂಬ. ಅಜ್ಜ ತುಂಬ ಹೊತ್ತು ನೋಡಿ, "ನಿನ್ನ ಅಪ್ಪ ಎಲ್ಲಿ ಕೂರುತ್ತಿದ್ದರು?" ಅಂತ ಕೇಳಿದರು. ಗೋಲ್ ಪೋಸ್ಟಿನ ಹಿಂದಿನ ಮೂಲೆ ತೋರಿಸಿದೆ. ಆಟ ನೋಡಲು ಅದೇ ಸರಿಯಾದ ಜಾಗ ಅಂದರು. ಅವತ್ತು ನಾನು ಅಪ್ಪನ ಬಗ್ಗೆ ಮನಸಾರೆ ಮಾತಾಡಿದೆ. ಯಾರೂ ಎದ್ದು ಹೋಗಲಿಲ್ಲ.

ಇನ್ನು ಕೆಲವರ ಹೆಸರಿಲ್ಲದ ಲೆಕ್ಕ. ಪಟ್ಟೆ ಪಟ್ಟೆ ಓವರಾಲ್ ಹಾಕಿಕೊಂಡು ಸೋಲಲಿ ಗೆಲ್ಲಲಿ ಒಂದೇ ಉತ್ಸಾಹದಲ್ಲಿ ಬಾರಿಸುವ ಪೆಪ್ ಬ್ಯಾಂಡಿನ ಹುಡುಗ ಹುಡುಗಿಯರಿಗೆ ಥ್ಯಾಂಕ್ಸ್. ಅರೇನಾದ ಬಾಗಿಲಲ್ಲಿ ಟಿಕೆಟ್ ನೋಡುವ ಅಂಕಲ್‌ಗೆ. ನಾನು ಊರಲ್ಲಿದ್ದಾಗ ನನ್ನ ಪ್ರಯೋಗಗಳನ್ನು ನಿಲ್ಲದ ಹಾಗೆ ನೋಡಿಕೊಂಡ, ಬೆಮಿಜಿ ರಾತ್ರಿ ಹೋಟನ್‌ನಲ್ಲೇ ಕೂತು ಅನ್ನ ಸಾರು ಮಾಡಿಟ್ಟು ಕಾದ ಕನ್ನಡದ ಗೆಳತಿಯರಿಗೆ. ಐದು ವರ್ಷ ಟೆಕ್‌ಗೆ ಆಡಿದ ಪಿಯೆಟಿಲಾಗೆ. ಗೋಣಿಕೊಪ್ಪದಲ್ಲಿ ಒಬ್ಬರು ನಿನ್ನ ಆಟ ಒಮ್ಮೆಯೂ ನೋಡದೆ ನಿನ್ನ ಅಭಿಮಾನಿಯಾಗಿದ್ದರು.

ನನ್ನ ಸೀಟನ್ನು ಈ ಸಲ ಟೆಕ್‌ಗೆ ಸೇರುತ್ತಿರುವ ದಾವಣಗೆರೆಯ ಒಬ್ಬ ಹುಡುಗನಿಗೆ ಕೊಡಿಸಿದ್ದೇನೆ. ಅವನಿಗೆ ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲ. ಅಜ್ಜ ಅವನಿಗೆ ಅಂತ ಹೊಸ ಪಾಕೆಟ್ ಪುಸ್ತಕ ತಂದಿಟ್ಟಿದ್ದಾರೆ. ಅಕ್ಟೋಬರ್‌ನಲ್ಲಿ ಸೀಸನ್ ಶುರು. ಮಿಲ್ವಾಕಿಯಿಂದ ಹೋಟನ್‌ಗೆ ಕಾರಿನಲ್ಲಿ ಆರು ಗಂಟೆಯ ದಾರಿ. ನಾರ್ದರ್ನ್ ಮಿಶಿಗನ್ ಜೊತೆಗಿನ ಆಟಕ್ಕೆ ಬಂದೇ ಬರುತ್ತೇನೆ, ಅಮ್ಮನೂ ಅಷ್ಟರಲ್ಲಿ ಇಲ್ಲಿಗೆ ಬಂದಿರುತ್ತಾರೆ. ಎರಡು ಟಿಕೆಟ್ ತೆಗೆದಿಡಿ ಅಜ್ಜ, ದುಡ್ಡು ನಾನು ಕೊಡುತ್ತೇನೆ.