ಕೊನೆಯ ಹೆಸರಿನ ಜಾಗದಲ್ಲಿ ಒಂದು ಚುಕ್ಕಿ

ಸಂಪಾದಕರೇ,

ಎಐ ಬಂದಿದೆ, ಇನ್ನು ಅರ್ಜಿ, ಬಿಲ್ಲು ತುಂಬಲು ಕಂಪ್ಯೂಟರಿನಲ್ಲಿ ಕಾಣುವ ಸಾಫ್ಟ್‌ವೇರ್ ಪರದೆಗಳನ್ನೆಲ್ಲ ಅದೇ ಮಾಡಿಕೊಡುತ್ತದೆ, ಎಂಜಿನಿಯರುಗಳ ಕಥೆ ಮುಗಿಯಿತು ಅಂತ ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಯಂತ್ರದ ಕೈಲಿ ಪರದೆ ಮಾಡಿಸೋದು ಹೊಸದೇನಲ್ಲ ಸ್ವಾಮಿ. 25 ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ.

ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಕಾಲಕ್ಕೆ ಮಂಡಿಪೇಟೆಯಲ್ಲಿ ನಮ್ಮಪ್ಪನದೊಂದು ಸಣ್ಣ ಪ್ರೆಸ್ ಇತ್ತು. ಮಂಡಿಗಳ ಬಿಲ್ ಬುಕ್ ಕೆಲಸವೇ ಜಾಸ್ತಿ. ಅಚ್ಚಿನ ಮೊಳೆ ಜೋಡಿಸಿದ್ದನ್ನು ಬಿಚ್ಚದೆ ಹಾಗೇ ಕಟ್ಟಿಡುತ್ತಿದ್ದರು, ಮುಂದಿನ ಗಿರಾಕಿಗೆ ಅಂಗಡಿ ಹೆಸರು ಮಾತ್ರ ಬದಲಾಯಿಸಿ ಟ್ರೆಡಲ್ ಮಷಿನ್ನಿಗೆ ಹಾಕುತ್ತಿದ್ದರು. ಬೆಂಗಳೂರಿನಲ್ಲಿ ಕಂಪನಿ ಸೇರಿದಾಗ ನನಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಇದೇ ಕೆಲಸ, ಮೊಳೆ ಇಲ್ಲ ಅಷ್ಟೇ.

ಅಲ್ಲಿ ಪರದೆಯನ್ನು ಯಾರೂ ಕೈಯಿಂದ ಬರೆಯುತ್ತಿರಲಿಲ್ಲ. ಯಾವ ಮಾಹಿತಿ ಬೇಕು, ಅದು ಅಕ್ಷರವೋ ಅಂಕಿಯೋ ತಾರೀಖೋ, ಕಡ್ಡಾಯವೋ ಅಲ್ಲವೋ, ಇಷ್ಟನ್ನು ಬರೆದಿಡುತ್ತಿದ್ದೆವು. ಇದಕ್ಕೆ ಮಾಡೆಲ್ ಅಂತಾರೆ. ತಾರೀಖು ಅಂತ ಇದ್ದರೆ ಕ್ಯಾಲೆಂಡರ್ ಬರಲಿ, ಹೌದು-ಇಲ್ಲ ಇದ್ದರೆ ಟಿಕ್ ಹಾಕುವ ಚೌಕ ಬರಲಿ, ಆಯ್ಕೆ ಜಾಸ್ತಿ ಇದ್ದರೆ ಇಳಿಯುವ ಪಟ್ಟಿ ಬರಲಿ, ಹೀಗೆ ನಿಯಮ ಕೊಟ್ಟುಬಿಟ್ಟರೆ ಸಾವಿರ ಪರದೆಯಾದರೂ ಒಂದೇ ರಾತ್ರಿಯಲ್ಲಿ ಎದ್ದು ಬರುತ್ತವೆ. 2001ರಲ್ಲಿ ಸಾಫ್ಟ್‌ವೇರ್ ಮಾನದಂಡಗಳನ್ನು ರೂಪಿಸುವ ಓಎಂಜಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಈ ದಾರಿಗೆ ಎಂಡಿಎ (ಮಾಡೆಲ್ ಡ್ರಿವನ್ ಆರ್ಕಿಟೆಕ್ಚರ್) ಅಂತ ಹೆಸರಿಟ್ಟು ದೊಡ್ಡದಾಗಿ ಸಾರಿತು. ಮಾಡೆಲ್ ಬರೆದರೆ ಸಾಕು, ಕೋಡ್ ತಾನೇ ಹುಟ್ಟುತ್ತದೆ ಅಂತ. ಆಗಲೂ ನಮ್ಮ ಕಥೆ ಮುಗಿಯಿತು ಅಂದವರಿದ್ದರು. ಮಾಡೆಲಿನಿಂದಲೇ ಪರದೆ ಹುಟ್ಟಿಸುವ, ರಿಚರ್ಡ್ ಪಾಸನ್ ಅನ್ನುವವರ 'ನೇಕೆಡ್ ಆಬ್ಜೆಕ್ಟ್ಸ್' ವಿಧಾನದಲ್ಲಿ ಐರ್ಲೆಂಡ್ ಸರ್ಕಾರ ಮಕ್ಕಳ ಭತ್ಯೆಯ ವ್ಯವಸ್ಥೆಯನ್ನೇ ಹೀಗೆ ಮಾಡಿಸಿತು. ಅಲ್ಲಿ ಅದು ನಡೆಯಿತು. ಬಳಸುವವರು ದಿನವಿಡೀ ಅದೇ ಕೆಲಸ ಮಾಡುವ ಕಚೇರಿ ಸಿಬ್ಬಂದಿ, ಪರದೆ ಹೇಗಿದ್ದರೂ ಎರಡು ವಾರದಲ್ಲಿ ಕೈಗೆ ಹತ್ತುತ್ತದೆ. ವರ್ಷಕ್ಕೊಮ್ಮೆ ಅರ್ಜಿ ತುಂಬುವ ನಮ್ಮ ಜನಕ್ಕೆ ಹತ್ತುತ್ತಾ?

ಇದು ನನಗೆ ತಿಳಿದದ್ದು ತಡವಾಗಿ. ನನ್ನ ನಿಯಮದಿಂದ ಹುಟ್ಟಿದ ಒಂದು ಪರದೆಯಲ್ಲಿ ಹುಟ್ಟಿದ ದಿನಕ್ಕೂ ಕ್ಯಾಲೆಂಡರ್ ಬರುತ್ತಿತ್ತು, ಇವತ್ತಿನ ತಿಂಗಳಿಂದ ಶುರು. 70 ವರ್ಷದ ಅಜ್ಜ ಅದನ್ನು ತುಂಬಬೇಕಾದರೆ ಹಿಂದಕ್ಕೆ ಹೋಗುವ ಬಾಣವನ್ನು 840 ಸಲ ಒತ್ತಬೇಕು! ಪರೀಕ್ಷೆ ಮಾಡಿದ ಹುಡುಗರೆಲ್ಲ ಇವತ್ತಿನ ತಾರೀಖನ್ನೇ ಒತ್ತಿ ಪಾಸ್ ಮಾಡಿದ್ದರು. ಕನ್ನಡಕ್ಕೆ ತಂದಾಗ ಇನ್ನೊಂದು ಫಜೀತಿ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಇಟ್ಟಿದ್ದೆವು, ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿ ಹೋದವು. 'ಅಪ್ಪನ ಹೆಸರು' ಅಂತ ಇದ್ದದ್ದು 'ಅಪನ ಹೆಸರು' ಅಂತ ಕಾಣುತ್ತಿತ್ತು.

ಬಿಲ್ ಬುಕ್ ಮಾಡಿಸಲು ಬಂದವರನ್ನು ನಮ್ಮಪ್ಪ ಮೊದಲು ಕೇಳುತ್ತಿದ್ದದ್ದು, 'ನೀವು ಮೊದಲು ಏನು ಬರೀತೀರಿ?' ಅಂತ. ಒಬ್ಬರು ಚೀಲದ ಲೆಕ್ಕ ಅನ್ನುತ್ತಿದ್ದರು, ಇನ್ನೊಬ್ಬರು ತೂಕ. ಹಮಾಲಿ, ದಲಾಲಿ ಎಲ್ಲಿ ಬರಬೇಕು ಅನ್ನುವುದಕ್ಕೇ ಅರ್ಧ ಗಂಟೆ ಮಾತು. ಆ ಪ್ರಶ್ನೆಗೆ ನನ್ನ ಮಾಡೆಲ್‌ನಲ್ಲಿ ಜಾಗವೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಮಾಹಿತಿ ಕೂಡಿಡುವ ಟೇಬಲಿನಲ್ಲಿ ಯಾವ ಕ್ರಮದಲ್ಲಿ ಇದೆಯೋ ಪರದೆಯಲ್ಲೂ ಅದೇ ಕ್ರಮ. ಈಗಿನ ಎಐಗೂ ಮಂಡಿಯವರು ಮೊದಲು ಏನು ಬರೆಯುತ್ತಾರೆ ಅಂತ ಯಾರಾದರೂ ಹೇಳಿದರೆ ತಾನೇ ಗೊತ್ತಾಗೋದು?

ಸರ್ಕಾರಿ ಸೇವೆಗಳ ಅರ್ಜಿಯನ್ನು ಹಳ್ಳಿಯಲ್ಲೇ ತುಂಬಿಕೊಡುವ ಗ್ರಾಮ ಒನ್ ಕೇಂದ್ರಗಳ ಪ್ರಯೋಗ 2020ರಲ್ಲಿ ಶುರುವಾಗಿದ್ದೇ ನಮ್ಮ ಜಿಲ್ಲೆಯಲ್ಲಿ. ಅಂಥ ಕೇಂದ್ರಗಳಲ್ಲಿ ಕೂತು ದಿನಾ ನೂರು ಜನರ ಅರ್ಜಿ ತುಂಬುವ ಹುಡುಗ ಹುಡುಗಿಯರಿಗೆ ಯಾವ ಪ್ರಶ್ನೆಗೆ ಜನ ತಡವರಿಸುತ್ತಾರೆ ಅನ್ನೋದು ನನ್ನಂಥ ಆರ್ಕಿಟೆಕ್ಟ್‌ಗಿಂತ ಚೆನ್ನಾಗಿ ಗೊತ್ತು. ಹೊಸ ಅರ್ಜಿ ಬಿಡುವ ಮೊದಲು ಇಲಾಖೆಯವರು ಇಂಥ ಹತ್ತು ಜನರನ್ನು ಒಂದು ದಿನ ಕೂರಿಸಿಕೊಂಡು ಕೇಳಲಿ. ಖರ್ಚು ಅಂದರೆ ಹತ್ತು ಪ್ಲೇಟ್ ಬೆಣ್ಣೆದೋಸೆ, ಕಾಫಿ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಹೋದ ತಿಂಗಳು ನಮ್ಮ ಚಿಕ್ಕಮ್ಮನ ಜೊತೆ ಒಂದು ಅರ್ಜಿ ತುಂಬಿಸಲು ಹೋಗಿದ್ದೆ. ಅದರಲ್ಲಿ 'ಕೊನೆಯ ಹೆಸರು' ಅಂತ ಒಂದು ಜಾಗ, ಪಕ್ಕದಲ್ಲಿ ಕೆಂಪು ನಕ್ಷತ್ರ. ಚಿಕ್ಕಮ್ಮನಿಗೆ ಇರೋದು ಒಂದೇ ಹೆಸರು, ಮೊದಲನೆಯದೂ ಅದೇ, ಕೊನೆಯದೂ ಅದೇ. ತುಂಬುವ ಹುಡುಗ ಯೋಚನೆಯನ್ನೇ ಮಾಡದೆ ಅಲ್ಲಿ ಒಂದು ಚುಕ್ಕಿ ಇಟ್ಟ. ಎಲ್ಲರಿಗೂ ಹಾಗೇ ಇಡೋದಂತೆ. ಈಗ ಬ್ಯಾಂಕಿನವರು ಹೆಸರು ತಾಳೆಯಾಗುತ್ತಿಲ್ಲ, ಕೊನೆಗೆ ಚುಕ್ಕಿ ಇದೆ ಅನ್ನುತ್ತಿದ್ದಾರೆ. ಚುಕ್ಕಿ ತೆಗೆಸಲು ತಿದ್ದುಪಡಿ ಅರ್ಜಿ ಹಾಕಬೇಕು. ಅದರಲ್ಲೂ ಕೊನೆಯ ಹೆಸರು ಕಡ್ಡಾಯ.

ಒಬ್ಬ ಸಾಫ್ಟ್‌ವೇರ್ ಆರ್ಕಿಟೆಕ್ಟ್, ವಿದ್ಯಾನಗರ, ದಾವಣಗೆರೆ