ತಮ್ಮನ ಪೆಟ್ಟಿಗೆ ತುಂಬುವ ಮೊದಲು

ವಿನ್ನಿಪೆಗ್, ಕೆನಡಾ

ಪ್ರೀತಿಯ ಅಮ್ಮ,

ನಾನು ಕ್ಷೇಮ. ತಮ್ಮ ಜನವರಿಯಲ್ಲೇ ಇಲ್ಲಿ ಕಟ್ಟಡದ ಕೆಲಸಕ್ಕೆ ಸೇರುತ್ತಾನೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ‘ಆಯ್ತು ಆಯ್ತು’ ಅಂತ ಇಟ್ಟುಬಿಡುತ್ತಾನೆ. ಇದನ್ನು ಅವನ ಕೈಗೆ ಕೊಟ್ಟು ಓದಿಸು.

ಅವನಿಗೆಂದು ಉಡುಪಿಯಿಂದ ರಾಶಿ ಹತ್ತಿ ಬನಿಯನ್ ತಂದಿಟ್ಟಿದ್ದೀಯಂತೆ. ಎರಡು ಸಾಕು, ಅದೂ ಮನೆಯೊಳಗೆ ಹಾಕಲಿಕ್ಕೆ. ಹೊರಗಿನ ಕೆಲಸಕ್ಕೆ ಹತ್ತಿ ಆಗುವುದೇ ಇಲ್ಲ. ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ನಂಬಿದರೆ ನಂಬು, ಇಷ್ಟು ಚಳಿಯಲ್ಲೂ ನಾವು ಹೆದರುವುದು ಬೆವರಿಗೆ! ಮಲ್ಪೆ ಬಂದರಿನಲ್ಲಿ ಬೆವರಿದರೆ ಗಾಳಿಗೆ ನಿಂತು ಬೈರಾಸಿನಲ್ಲಿ ಮೈ ಒರೆಸಿಕೊಂಡರೆ ಮುಗಿಯಿತು. ಇಲ್ಲಿ ಹಾಗೆ ಗಾಳಿಗೆ ನಿಂತರೆ ಕೆಟ್ಟೆವು. ಮೈಗೆ ತಾಗಿ ತೆಳು ಉಣ್ಣೆ, ಮೇಲೊಂದು ದಪ್ಪ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್. ಬೆವರು ಬರುವ ಮೊದಲೇ ಒಂದನ್ನು ಬಿಚ್ಚಬೇಕು. ಕೆಲಸ ಶುರು ಮಾಡುವಾಗ ಸ್ವಲ್ಪ ಚಳಿ ಅನಿಸಿದರೆ ಅದೇ ಸರಿ. ಇವೆಲ್ಲ ಇಲ್ಲೇ ಕೊಳ್ಳೋಣ, ಅಲ್ಲಿ ಸುಮ್ನೆ ದುಡ್ಡು ಹಾಳು ಮಾಡಬೇಡಿ.

ಇನ್ನು ಗಾಳಿ. ಮೈನಸ್ 20 ಡಿಗ್ರಿ ಇರುವಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 33ರಷ್ಟು ತಟ್ಟುತ್ತದೆ. ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮರಗಟ್ಟಿದ ಮೇಲೆ ನೋವೂ ಗೊತ್ತಾಗುವುದಿಲ್ಲ, ಅದೇ ತೊಂದರೆ. ಅದಕ್ಕೇ ನಾವು ಇಬ್ಬಿಬ್ಬರಾಗಿ ಕೆಲಸ ಮಾಡುತ್ತೇವೆ, ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರುತ್ತೇವೆ. ಮೊನ್ನೆ ನನ್ನ ಜೊತೆಗಾರನ ಕೆನ್ನೆಯಲ್ಲಿ ರೂಪಾಯಿ ಅಗಲದ ಬಿಳಿ ಕಲೆ ಕಂಡಿತು. ಅವನಿಗೆ ಗೊತ್ತೇ ಇರಲಿಲ್ಲ. ತಕ್ಷಣ ಒಳಗೆ ಕರೆದುಕೊಂಡು ಹೋದೆವು. ಅವನು ತನ್ನ ಅಂಗೈಯನ್ನೇ ಅದರ ಮೇಲೆ ಒತ್ತಿ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಕೆಂಪಾಗಿ ಉರಿಯತೊಡಗಿತು, ಆಮೇಲೆ ಸರಿಹೋಯಿತು. ತಮ್ಮನಿಗೆ ಒತ್ತಿ ಹೇಳು: ಅಂಥ ಜಾಗವನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಸ್ಪರ್ಶವೇ ಇಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಕಬ್ಬಿಣದ ಪೈಪನ್ನು ಬರಿಗೈಯಲ್ಲಿ ಮುಟ್ಟಲೂಬಾರದು, ಚರ್ಮ ಅಂಟಿಕೊಳ್ಳುತ್ತದೆ.

ನಡುಗಿದರೆ ಹೆದರಬೇಕಿಲ್ಲ, ಒಳಗೆ ಹೋಗಿ ಬಿಸಿ ಮಾಡಿಕೊಂಡರೆ ಆಯಿತು. ಜೋರಾಗಿ ನಡುಗುತ್ತಿದ್ದವನು ಬಿಸಿಯಾಗದೆಯೇ ನಡುಕ ನಿಲ್ಲಿಸಿದರೆ, ಮಾತು ತೊದಲಿದರೆ, ಗುಂಡಿ ಹಾಕಲೂ ಬೆರಳು ಬಾರದಿದ್ದರೆ ಕೂಡಲೇ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡುವುದೇ. ಅಂದ ಹಾಗೆ, ಚಳಿಗೆ ಒಂದು ಪೆಗ್ ಒಳ್ಳೆಯದು ಅನ್ನುವ ಅಪ್ಪನ ಮಾತು ಇಲ್ಲಿ ನಡೆಯುವುದಿಲ್ಲ. ಕುಡಿದರೆ ರಕ್ತ ಚರ್ಮಕ್ಕೆ ನುಗ್ಗಿ ಬಿಸಿ ಅನಿಸುತ್ತದೆ ಅಷ್ಟೇ, ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಅಪ್ಪನಿಗೆ ಬೇಜಾರಾಗದ ಹಾಗೆ ಹೇಳು.

ತಮ್ಮನ ಪಾದದ ಅಳತೆ ತೆಗೆದು ಕಳಿಸು, ದಪ್ಪ ಕಾಲುಚೀಲ ಹಾಕಿಕೊಂಡೇ ಅಳೆಯಲಿ. ಶೂ ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಮೊದಲು ತಣ್ಣಗಾಗುತ್ತವೆ. ಟಿಕೆಟ್ ಆದ ಕೂಡಲೇ ದಿನ ತಿಳಿಸು, ಜಾಕೆಟ್ ಮತ್ತು ಶೂ ವಿಮಾನ ನಿಲ್ದಾಣಕ್ಕೇ ತರುತ್ತೇನೆ. ಬನಿಯನ್ ತೆಗೆದ ಜಾಗದಲ್ಲಿ ಚಟ್ನಿಪುಡಿ ಇಡು, ಜಾಸ್ತಿಯೇ ಇಡು.

ನಿನ್ನ ಮಗ