ಶಾಸಕರೇ, ಸುಣ್ಣ ಏಪ್ರಿಲಲ್ಲಿ ಕೊಡಿಸಿ, ಆಗಸ್ಟಲ್ಲಿ ಬೇಡ

ಮಾನ್ಯ ಶಾಸಕರಿಗೆ ನಮಸ್ಕಾರ.

ಉಡುಪಿ ಜಿಲ್ಲೆಯಲ್ಲಿ ಘಟ್ಟದ ಬುಡದಲ್ಲಿ ನನ್ನದು ಸಣ್ಣ ಅಡಿಕೆ ತೋಟ. ನಾಲ್ಕು ವರ್ಷದಿಂದ ಒಂದೇ ವಿಷಯಕ್ಕೆ ಅಲೆದು ಚಪ್ಪಲಿ ಸವೆದ ಮೇಲೆ ಇದನ್ನು ಬರೀತಿದ್ದೇನೆ. ಸಬ್ಸಿಡಿ ಸುಣ್ಣ ಮಳೆಗೆ ಮೊದಲು ಕೊಡಿಸಿ. ಅಷ್ಟೇ.

ಮಣ್ಣು ಪರೀಕ್ಷೆಗೆ ಕೊಟ್ಟು ಹದಿನಾಲ್ಕು ತಿಂಗಳಿಗೆ ಕಾರ್ಡ್ ಬಂತು, ಅದರಲ್ಲಿ ಬೆಳೆ ಹತ್ತಿ ಅಂತ ಉಂಟು. ಇಲ್ಲಿ ಹತ್ತಿ ಯಾರು ಬೆಳೀತಾರೆ ಮಾರಾಯ್ರೆ? ಇರ್ಲಿ, ಪಿಎಚ್ (ಮಣ್ಣಿನ ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ) 4.8 ಅಂತ ಬರೆದದ್ದು ಸರಿ ಇರ್ಬೇಕು, ಸೋಗೆ ಹಳದಿ ಆಗಿದೆ, ಬುಡ ಅಗೆದ್ರೆ ಬೇರು ಮೋಟು, ತುದಿ ಕಂದು. ನಮ್ಮದು ಮುರಕಲ್ಲಿನ ಮಣ್ಣು, ಮೊದಲೇ ಹುಳಿ. ಅದಕ್ಕೆ ವರ್ಷವರ್ಷ ಯೂರಿಯ ಹಾಕಿದ್ರೆ ಅದು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗುವಾಗ ಆಮ್ಲ ಬಿಡ್ತದೆ, ನೈಟ್ರೇಟ್ ಮಳೆಗೆ ತೊಳೆದು ಹೋಗುವಾಗ ಕ್ಯಾಲ್ಸಿಯಂ ಮೆಗ್ನೀಸಿಯಂ ಕೂಡ ಒಟ್ಟಿಗೆ ಹೋಗ್ತದೆ, ಪಿಎಚ್ 5ಕ್ಕಿಂತ ಕೆಳಗಿಳಿದ್ರೆ ಅಲ್ಯೂಮಿನಿಯಂ ಕರಗಿ ಬೇರನ್ನೇ ತಿಂತದೆ. ದುಡ್ಡು ಕೊಟ್ಟು ಡಿಎಪಿ ಗೊಬ್ಬರ ಹಾಕಿದ್ರೂ ಅದರ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ತವೆ, ಮರಕ್ಕೆ ಸಿಗುದಿಲ್ಲ. ಇದೆಲ್ಲ ನಿಮ್ಮ ಅಧಿಕಾರಿಗಳಿಗೆ ಗೊತ್ತುಂಟು, ತರಬೇತಿಯಲ್ಲಿ ಅವರೇ ನಮಗೆ ಹೇಳಿದ್ದು. ಈ ಹುಳಿ ಕಳೆಯುದು ಸುಣ್ಣ, ಮರಕ್ಕೆ ಅರ್ಧ ಕಿಲೋ, ಗೊಬ್ಬರಕ್ಕೆ ಎರಡು ಮೂರು ವಾರ ಮೊದಲು ಅಂತ.

ಆದ್ರೆ ಕಳೆದ ವರ್ಷ ಸುಣ್ಣ ಬಂದದ್ದು ಆಗಸ್ಟಿಗೆ, ಧಾರಾಕಾರ ಮಳೆಯಲ್ಲಿ, ಮೇಲೆ ಟಾರ್ಪಾಲ್ ಇಲ್ಲದ ಟೆಂಪೋದಲ್ಲಿ. ನನ್ನ ಪಾಲಿನ ಹನ್ನೆರಡು ಚೀಲದಲ್ಲಿ ಹತ್ತು ಒದ್ದೆಯಾಗಿ ಕಲ್ಲಾಗಿತ್ತು. ಉಳಿದ ಎರಡನ್ನು ಎಂತ ಮಾಡುದು ಅಂತ ಕೇಳಿದ್ರೆ ವಿತರಣೆಯವರು "ಗೊಬ್ಬರಕ್ಕೇ ಕಲಸಿ ಹಾಕಿ" ಅಂದ್ರು. ನಾನೂ ಬುದ್ಧಿ ಅಡವಿಟ್ಟು ಡಿಎಪಿಗೆ ಕಲಸಿದೆ. ಬಕೆಟಿಂದ ಬಂದ ಘಾಟಿಗೆ ಕಣ್ಣಲ್ಲಿ ನೀರು, ಅಮೋನಿಯ! ಸುಣ್ಣ ತಾಗಿ ಡಿಎಪಿಯಲ್ಲಿದ್ದ ನನ್ನ ದುಡ್ಡಿನ ಸಾರಜನಕ ಹೊಗೆಯ ಹಾಗೆ ಹಾರಿ ಹೋಯ್ತು, ನಾಯಿ ಕೂಡ ಅಂಗಳ ಬಿಟ್ಟು ಓಡಿತು.

ನಮ್ಮ ಅಜ್ಜ ಮರುವಾಯಿ (ಕಪ್ಪೆಚಿಪ್ಪು) ಸುಟ್ಟ ಸುಣ್ಣ ಹಾಕ್ತಿದ್ದರು, ಮಳೆಗೆ ಮೊದಲು, ಯಾರ ಅರ್ಜಿಯೂ ಬೇಡ.

ಉದ್ಘಾಟನೆಗೆ ನೀವು ಟೈಮಿಗೆ ಸರಿಯಾಗಿ ಬರ್ತೀರಿ, ಅದೇ ಟೈಮ್ ಸುಣ್ಣಕ್ಕೂ ಇರ್ಲಿ. ಏಪ್ರಿಲ್ 15ರ ಒಳಗೆ, ಒಣ ಚೀಲದಲ್ಲಿ, ಪುನಃ ಹೇಳ್ತೇನೆ, ಏಪ್ರಿಲ್. ಕಲ್ಲಾದ ಹತ್ತು ಚೀಲ ನಮ್ಮ ದನದ ಹಟ್ಟಿ ಬದಿಯಲ್ಲೇ ಉಂಟು, ಹೆಂಡತಿ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದಾಳೆ, ಬಂದು ನೋಡಿ.

ಇಂತಿ,
ಒಬ್ಬ ಅಡಿಕೆ ಕೃಷಿಕ